ಅಪ್ಪನ ಶುಗರ್ ತಾನಾಗೇ ಇಳಿದಿದೆ, ಕ್ರಿಯೇಟಿನಿನ್ ಮಾತ್ರ 2.1. ಖುಷಿ ಪಡಬೇಕಾ, ಹೆದರಬೇಕಾ?

ಮಗ್ಗದಮನಿ ಹುಡುಗ, ಬನಹಟ್ಟಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ, ಅಪ್ಪ ಮತ್ತು ನಾನು ನಡೆಸುತ್ತೇವೆ. ಅಪ್ಪನಿಗೆ 61 ವರ್ಷ. ಶುಗರ್ ಬಂದು 14 ವರ್ಷ ಆಯ್ತು. ಮೊದಲಿನಿಂದಲೂ ಅದು ಯಾರ ಮಾತೂ ಕೇಳಿದ್ದಲ್ಲ. ಖಾಲಿ ಹೊಟ್ಟೆಯಲ್ಲೇ 190, 210, ಒಮ್ಮೆ ದೀಪಾವಳಿ ಮರುದಿನ 260. ಊಟ ಆದ ಮೇಲಿನದನ್ನು ನಾವು ನೋಡುತ್ತಲೇ ಇರಲಿಲ್ಲ. ನೋಡಿ ಸುಮ್ನೆ ಮನಸ್ಸು ಯಾಕೆ ಕೆಡಿಸಿಕೊಳ್ಳುವುದು ಅಂತ.

ಈಗ ಆರು ತಿಂಗಳಿಂದ ಒಂದು ವಿಚಿತ್ರ ನಡೆದಿದೆ. ಶುಗರ್ ತಾನಾಗೇ ಇಳಿಯುತ್ತಿದೆ. ಖಾಲಿ ಹೊಟ್ಟೆಯಲ್ಲಿ 95, 104, 98. ಮೂರು ತಿಂಗಳ ಲೆಕ್ಕ ಹೇಳುವ ಎಚ್‌ಬಿಎ1ಸಿ 6.8. ಊಟ ಬದಲಾಗಿಲ್ಲ, ಗುಳಿಗೆ ಬದಲಾಗಿಲ್ಲ, ವಾಕಿಂಗ್ ಅಂತೂ ದೂರದ ಮಾತು. ಹೊಸದಾಗಿ ಸೇರಿದ್ದು ಒಂದೇ. ಸಂತೆಯಲ್ಲಿ ಯಾರೋ ಕೊಟ್ಟ ನೇರಳೆ ಬೀಜದ ಪುಡಿ, ಬೆಳಗ್ಗೆ ಒಂದು ಚಮಚ. ಈಗ ಅಪ್ಪ ಓಣಿಗೆಲ್ಲ ಡಾಕ್ಟರ್. ಪುಡಿಯ ಡಬ್ಬಿ ಮಗ್ಗದ ಮೇಲೇ ಇರುತ್ತದೆ. ಬಂದವರಿಗೆಲ್ಲ ತೋರಿಸಿ, "ಹದಿನಾಲ್ಕು ವರ್ಷ ಗುಳಿಗಿ ಮಾಡಲಾರದ್ದನ್ನ ಇದು ಮಾಡೈತಿ ನೋಡ್ರಿ" ಅನ್ನುತ್ತಾರೆ.

ಆದರೆ ಹೋದ ತಿಂಗಳು ಎರಡು ಸಲ ರಾತ್ರಿ ಮೂರು ಗಂಟೆಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಏನೇನೋ ಮಾತಾಡಿದರು. ಅವ್ವ ಬೆಲ್ಲದ ನೀರು ಕುಡಿಸಿದಳು, ಸ್ವಲ್ಪ ಹೊತ್ತಿಗೆ ಸರಿಹೋದರು. ಎರಡನೇ ಸಲ ನಾನು ಮಷಿನ್ ಹಚ್ಚಿ ನೋಡಿದೆ, 52 ಇತ್ತು. ಕಾಲು ಬಾತಿವೆ, ಚಪ್ಪಲಿ ಪಟ್ಟಿಯ ಗುರುತು ಸಂಜೆಯಾದರೂ ಹೋಗುವುದಿಲ್ಲ. ಮೂತ್ರ ಮಾಡಿದರೆ ನೊರೆ ಬಹಳ ಅಂತ ಅವರೇ ಹೇಳಿದರು.

ಕೊನೆಗೆ ಜಮಖಂಡಿಗೆ ಕರೆದುಕೊಂಡು ಹೋಗಿ ರಕ್ತ, ಮೂತ್ರ ಎರಡೂ ಮಾಡಿಸಿದೆ. ಕ್ರಿಯೇಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ರಕ್ತದ ಕಸ, 2.1. ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು, 35. ಪೊಟ್ಯಾಸಿಯಂ 5.1. ಹಿಮೋಗ್ಲೋಬಿನ್ 10.2. ಮೂತ್ರದ ಎಸಿಆರ್ ಅಂತ ಒಂದಿದೆ, ಅದು 820. ಬಿಪಿ 160/94. ಡಾಕ್ಟರ್ ರಿಪೋರ್ಟ್ ನೋಡಿ, ಶುಗರ್‌ನಿಂದ ಕಿಡ್ನಿಗೆ ಪೆಟ್ಟಾಗಿದೆ, ಬೆಳಗಾವಿಗೆ ಹೋಗಿ ಕಿಡ್ನಿ ಡಾಕ್ಟರಿಗೆ ತೋರಿಸಿ ಅಂದರು. ಹೊರಗೆ ನಲವತ್ತು ಜನ ಕೂತಿದ್ದರು, ಜಾಸ್ತಿ ಕೇಳಲು ಆಗಲಿಲ್ಲ. ಅಪಾಯಿಂಟ್‌ಮೆಂಟ್ ಸಿಕ್ಕಿರುವುದು ಇನ್ನೂ ಒಂಬತ್ತು ದಿನಕ್ಕೆ.

ಹಳೆಯ ಫೈಲು ತೆಗೆದು ನೋಡಿದೆ. ಐದು ವರ್ಷದ ಹಿಂದೆ ಕ್ರಿಯೇಟಿನಿನ್ 1.1, ಮುಂದೆ "ನಾರ್ಮಲ್". ಇಷ್ಟು ವರ್ಷ ತೋರಿಸುತ್ತಿದ್ದ ದವಾಖಾನೆಯಲ್ಲಿ ಮೂತ್ರದ ಪರೀಕ್ಷೆ ಒಂದು ಸಲವೂ ಬರೆದಿಲ್ಲ. ನಾವೂ ಕೇಳಲಿಲ್ಲ, ಕೇಳಬೇಕು ಅಂತ ಗೊತ್ತಿದ್ದರೆ ತಾನೇ.

ನನಗೆ ತಲೆಗೆ ಹೋಗದೇ ಇರುವುದು ಇಷ್ಟು. ರಕ್ತದಲ್ಲಿ ಸಕ್ಕರೆ ಜಾಸ್ತಿ ಆದರೆ ಕಿಡ್ನಿಗೆ ಪೆಟ್ಟು ಬೀಳುವುದು ಹೇಗೆ? ಶುಗರ್ ಈಗ ಕಂಟ್ರೋಲ್‌ನಲ್ಲಿದೆ ಅಲ್ವಾ, ಹಾಗಾದರೆ ಕಿಡ್ನಿ ಈಗ ಯಾಕೆ ಕೈಕೊಡಬೇಕು? ಅಪ್ಪ ಮಾತ್ರ, ಕಿಡ್ನಿ ಹೋಗಿದ್ದು ಗುಳಿಗೆಯಿಂದಲೇ, ಎಲ್ಲ ಬಿಟ್ಟು ಪುಡಿ ಒಂದೇ ಸಾಕು ಅಂತ ಹಟ ಹಿಡಿದಿದ್ದಾರೆ. ಈಗ ತೆಗೆದುಕೊಳ್ಳುವುದು ಗ್ಲಿಮೆಪಿರೈಡ್ 2 ಮತ್ತು ಮೆಟ್‌ಫಾರ್ಮಿನ್ 1000, ದಿನಕ್ಕೆ ಎರಡು ಹೊತ್ತು.

---

ಹಸಿರೇ ಉಸಿರು

ನಿಮ್ಮ ತಂದೆ ಹೇಳುವುದೇ ಸರಿ. ಇಂಗ್ಲಿಷ್ ಔಷಧಿ ಎಲ್ಲ ಕಿಡ್ನಿ ತಿನ್ನುತ್ತದೆ. ನಮ್ಮ ಪರಿಚಯದವರಿಗೆ ಕ್ರಿಯೇಟಿನಿನ್ 5 ಇದ್ದದ್ದು ಬೇರಿನ ಕಷಾಯದಿಂದ 21 ದಿನದಲ್ಲಿ 1ಕ್ಕೆ ಬಂತು. ನಂಬರ್ ಬೇಕಾದರೆ ಕೊಡುತ್ತೇನೆ.

---

ರಿಟೈರ್ಡ್ ಲ್ಯಾಬಿನವ, ವಿಜಯಪುರ

ತಮ್ಮಾ, ಆ ಕಷಾಯದ ನಂಬರ್ ಬೇಡ.

ಮೊದಲು ಆ 52ರ ವಿಷಯ. ಅದು ಒಂಬತ್ತು ದಿನ ಕಾಯುವ ಮಾತಲ್ಲ. ಇವತ್ತೇ ಜಮಖಂಡಿ ಡಾಕ್ಟರಿಗೆ ಫೋನ್ ಹಚ್ಚು. "ರಾತ್ರಿ ಶುಗರ್ 52 ಆಗಿತ್ತು, ಎರಡು ಸಲ ಆಗಿದೆ, ಇಜಿಎಫ್‌ಆರ್ 35 ಇದೆ, ಗ್ಲಿಮೆಪಿರೈಡ್ ಕೊಡಬೇಕಾ ಬೇಡವಾ" ಅಂತ ಇದೇ ಮಾತಿನಲ್ಲಿ ಕೇಳು. ಹಾಸಿಗೆ ಪಕ್ಕ ಸಕ್ಕರೆ ಡಬ್ಬಿ ಇಡು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ.

ಈಗ ಕೂತು ಮಾತಾಡೋಣ. ನಾನು ಡಾಕ್ಟರ್ ಅಲ್ಲ. ವಿಜಯಪುರದಲ್ಲಿ 34 ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದವನು. ಊರ ಜನರ ಮುಖ ನೋಡಿದ್ದಕ್ಕಿಂತ ಮೂತ್ರ ನೋಡಿದ್ದೇ ಜಾಸ್ತಿ. ನಿನ್ನ ಪೋಸ್ಟ್ ಓದಿ ಹೊಟ್ಟೆಯಲ್ಲಿ ಕಲಸಿದಂತಾಯಿತು, ಯಾಕೆಂದರೆ ಈ ಕಥೆ ನಾನು ಎಷ್ಟೋ ಸಲ ನೋಡಿದ್ದೇನೆ. ಹಳೆಯ ಶುಗರ್ ಪೇಷಂಟ್ ನಗುತ್ತಾ ಬರುತ್ತಾರೆ, "ಸರ್, ಶುಗರ್ ಬಿಟ್ಟು ಹೋಯ್ತು". ನಾನು ಸ್ಲಿಪ್ಪಿನಲ್ಲಿ ಕ್ರಿಯೇಟಿನಿನ್ ಬರೆದಿದ್ದಾರಾ ಅಂತ ಕಣ್ಣಾಡಿಸುತ್ತಿದ್ದೆ.

ಶುಗರ್ ಯಾಕೆ ಇಳಿಯಿತು ಗೊತ್ತಾ? ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ತನ್ನ ಕೆಲಸ ಮುಗಿಸಿದ ಮೇಲೆ ಅದನ್ನು ಒಡೆದು ಹೊರಗೆ ಹಾಕಬೇಕು. ಆ ಕೆಲಸದ ದೊಡ್ಡ ಪಾಲು ಕಿಡ್ನಿಯದು. ಕಿಡ್ನಿ ಸೋತರೆ ಇನ್ಸುಲಿನ್ ರಕ್ತದಲ್ಲೇ ಜಾಸ್ತಿ ಹೊತ್ತು ಸುತ್ತುತ್ತದೆ. ಗ್ಲಿಮೆಪಿರೈಡ್ ಕಥೆಯೂ ಅದೇ. ಅದು ಪ್ಯಾಂಕ್ರಿಯಾಸ್ ಹಿಂಡಿ ಇನ್ಸುಲಿನ್ ಬಿಡಿಸುವ ಗುಳಿಗೆ, ಅದು ಒಡೆದ ಮೇಲಿನ ಉಳಿಕೆಯೂ ಮೈಯಲ್ಲೇ ನಿಲ್ಲುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಉಪವಾಸ ಇದ್ದಾಗ ಲಿವರ್ ಜೊತೆಗೆ ಕಿಡ್ನಿಯೂ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದೂ ಈಗ ಕಡಿಮೆ. ಅದಕ್ಕೇ ರಾತ್ರಿ ಮೂರು ಗಂಟೆಗೆ 52. ಕೀರ್ತಿ ಪುಡಿಗೆ ಹೋಗಿದೆ, ಕೆಲಸ ಮಾತ್ರ ಕಿಡ್ನಿ ಬಿದ್ದದ್ದರಿಂದ ಆಗಿದೆ.

ಎಚ್‌ಬಿಎ1ಸಿ 6.8 ಅನ್ನೂ ಪೂರ್ತಿ ನಂಬಬೇಡ. ಅದು ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅನ್ನುವ ಲೆಕ್ಕ. ಕೆಂಪು ಕಣ ಸುಮಾರು 120 ದಿನ ಬದುಕಿದರೆ ಅಷ್ಟು ದಿನ ಅಂಟುತ್ತದೆ. ಕಿಡ್ನಿ ಸೋತವರಲ್ಲಿ ಕಣ ಬೇಗ ಸಾಯುತ್ತದೆ, ಅಂಟಲು ಸಮಯವೇ ಸಿಗುವುದಿಲ್ಲ. ನಿಜಕ್ಕಿಂತ ಕಡಿಮೆ ತೋರಿಸಬಹುದು. ಮನೆಯ ಮಷಿನ್‌ನಲ್ಲಿ ಬೇರೆ ಬೇರೆ ಹೊತ್ತಿಗೆ ನೋಡಿ ಬರೆದಿಡು.

ಇನ್ನು ಸಕ್ಕರೆ ಕಿಡ್ನಿಗೆ ಏನು ಮಾಡುತ್ತದೆ ಅಂತ ಕೇಳಿದೆಯಲ್ಲ. ಎರಡೂ ಕಿಡ್ನಿ ಸೇರಿ ರಕ್ತದಿಂದ ದಿನಕ್ಕೆ ಸುಮಾರು 180 ಲೀಟರ್ ನೀರಿನಂಥ ದ್ರವ ಸೋಸುತ್ತವೆ. ಮೂತ್ರವಾಗಿ ಹೊರಗೆ ಬರುವುದು ಒಂದೂವರೆ, ಎರಡು ಲೀಟರ್. ಉಳಿದದ್ದೆಲ್ಲ ವಾಪಸ್. ರಕ್ತದ ಸಕ್ಕರೆ 100 ಇದ್ದರೆ, ಅಂದರೆ ಲೀಟರಿಗೆ ಒಂದು ಗ್ರಾಂ, ಆ 180 ಲೀಟರಿನಲ್ಲಿ 180 ಗ್ರಾಂ ಸಕ್ಕರೆ ಇಳಿದಿರುತ್ತದೆ. 200 ಇದ್ದರೆ 360 ಗ್ರಾಂ. ಅದನ್ನು ವಾಪಸ್ ಎಳೆಯಲು ಕಿಡ್ನಿಯ ಸಣ್ಣ ನಳಿಕೆಗಳಲ್ಲಿ ಪಂಪುಗಳಿವೆ. ಆ ಪಂಪು ಸಕ್ಕರೆ ಒಂದನ್ನೇ ಎಳೆಯುವುದಿಲ್ಲ, ಜೊತೆಗೆ ಉಪ್ಪನ್ನೂ ಎಳೆಯುತ್ತದೆ. ಫಜೀತಿ ಶುರುವಾಗುವುದೇ ಇಲ್ಲಿ.

ನಿಮ್ಮ ಕಡೆ ಘಟಪ್ರಭಾ ಕಾಲುವೆ ಇದೆಯಲ್ಲ, ಅದನ್ನೇ ನೆನೆಸಿಕೋ. ನೀರು ಬಿಟ್ಟಾಗ ಮೇಲಿನವರು ಪಂಪ್‌ಸೆಟ್ ಹಚ್ಚಿ ಎಳೆದುಕೊಂಡರೆ ಟೇಲ್‌ಎಂಡ್ ಹಳ್ಳಿಗೆ ನೀರು ಮುಟ್ಟುವುದಿಲ್ಲ. ಅಲ್ಲಿನವರು ಗದ್ದಲ ಎಬ್ಬಿಸುತ್ತಾರೆ. ಗೇಟ್ ಕಾಯುವವನು ಏನು ಮಾಡುತ್ತಾನೆ? ಗೇಟ್ ಇನ್ನಷ್ಟು ಎತ್ತುತ್ತಾನೆ. ಕಾಲುವೆ ತುಂಬಿ ಹರಿಯುತ್ತದೆ, ಒಂದು ದಿನ ಏರಿ ಒಡೆಯುತ್ತದೆ. ಕಿಡ್ನಿಯಲ್ಲೂ ನಳಿಕೆಯ ಕೆಳಗೆ ಉಪ್ಪು ಎಷ್ಟು ಬಂತು ಅಂತ ನೋಡುವ ಒಂದು ಜಾಗ ಇದೆ. ಮೇಲೆ ಸಕ್ಕರೆ ಜೊತೆ ಉಪ್ಪೆಲ್ಲ ಎಳೆದುಕೊಂಡರೆ, ಆ ಜಾಗ "ನನಗೆ ಏನೂ ಬರುತ್ತಿಲ್ಲ, ಸೋಸುವುದು ಕಡಿಮೆಯಾಗಿದೆ" ಅಂತ ತಪ್ಪು ತಿಳಿಯುತ್ತದೆ. ರಕ್ತ ಬರುವ ದಾರಿ ಅಗಲವಾಗುತ್ತದೆ. ಸೋಸುವ ಸಣ್ಣ ರಕ್ತನಾಳಗಳ ಗೊಂಚಲಿನ ಮೇಲೆ ಒತ್ತಡ ಬೀಳುತ್ತದೆ. ಇದು ವರ್ಷಗಟ್ಟಲೆ ನಡೆಯುತ್ತದೆ, ನೋವಿಲ್ಲ, ಉರಿಯಿಲ್ಲ. ತಮಾಷೆ ನೋಡು, ಆ ಮೊದಲ ವರ್ಷಗಳಲ್ಲಿ ಇಜಿಎಫ್‌ಆರ್ ಎಷ್ಟೋ ಜನರಲ್ಲಿ ಮಾಮೂಲಿಗಿಂತ ಜಾಸ್ತಿಯೇ ಇರುತ್ತದೆ. ಕಿಡ್ನಿ ಬಹಳ ಚೆನ್ನಾಗಿದೆ ಅಂತ ಕಾಣುತ್ತದೆ.

ಒತ್ತಡದ ಜೊತೆಗೆ ಅಂಟು. ಹಿಮೋಗ್ಲೋಬಿನ್‌ಗೆ ಅಂಟುವ ಸಕ್ಕರೆ ಸೋಸುವ ಪೊರೆಯ ಪ್ರೋಟೀನಿಗೂ ಅಂಟುತ್ತದೆ. ಪೊರೆ ದಪ್ಪವಾಗುತ್ತದೆ. ಅದನ್ನು ಹೊರಗಿನಿಂದ ಬೆರಳು ಚಾಚಿ ಹಿಡಿದಿರುವ ಸಣ್ಣ ಕೋಶಗಳು ಒಂದೊಂದಾಗಿ ಕಳಚಿ ಬೀಳುತ್ತವೆ, ಅವು ಮತ್ತೆ ಹುಟ್ಟುವುದು ಅಪರೂಪ. ಆಗ ರಕ್ತದಲ್ಲೇ ಇರಬೇಕಾದ ಆಲ್ಬುಮಿನ್ ಅನ್ನುವ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಅದೇ ನಿಮ್ಮ ಅಪ್ಪನ ನೊರೆ, ಅದೇ ಎಸಿಆರ್ 820, ಅಂದರೆ ಮೂತ್ರದಲ್ಲಿ ಕ್ರಿಯೇಟಿನಿನ್‌ಗೆ ಹೋಲಿಸಿ ಆಲ್ಬುಮಿನ್ ಎಷ್ಟಿದೆ ಅನ್ನುವ ಲೆಕ್ಕ. 30ರ ಒಳಗಿದ್ದರೆ ಸರಿ. 30ರಿಂದ 300 ಅಂದರೆ ಸೋರಲು ಶುರುವಾಗಿದೆ. 300 ದಾಟಿದರೆ ಜಾಸ್ತಿಯೇ ಸೋರುತ್ತಿದೆ.

ಕ್ರಿಯೇಟಿನಿನ್ ಯಾಕೆ 1.1 ಇತ್ತು? ಅದು ಸೋಮಾರಿ ಕಾವಲುಗಾರ. ಕಿಡ್ನಿಯ ಹತ್ತಿರ ಹತ್ತಿರ ಅರ್ಧ ಶಕ್ತಿ ಹೋಗುವವರೆಗೂ ಎಷ್ಟೋ ಜನರಲ್ಲಿ ನಾರ್ಮಲ್ ಗೆರೆಯೊಳಗೇ ಇರುತ್ತದೆ. ಮೂತ್ರದ ಆಲ್ಬುಮಿನ್ ಅದಕ್ಕಿಂತ ವರ್ಷಗಳ ಮೊದಲೇ ಕೂಗುತ್ತದೆ. ಅದಕ್ಕೇ ಟೈಪ್ 2 ಶುಗರ್ ಅಂತ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಎಸಿಆರ್ ಮಾಡಿಸಬೇಕು. ಟೈಪ್ 1 ಆದರೆ ಐದು ವರ್ಷದ ನಂತರ ಶುರು ಮಾಡಬಹುದು. ಒಂದು ಪರೀಕ್ಷೆಗೇ ತೀರ್ಮಾನ ಬೇಡ. ಜ್ವರ, ಮೂತ್ರದ ಸೋಂಕು, ಮೈಮುರಿದ ಕೆಲಸ, ಇವೂ ತಾತ್ಕಾಲಿಕವಾಗಿ ಏರಿಸುತ್ತವೆ. ಬೆಳಗ್ಗೆ ಎದ್ದ ತಕ್ಷಣದ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು.

ನಾನು ಕೆಲಸಕ್ಕೆ ಸೇರಿದಾಗ ಎಸಿಆರ್ ಎಲ್ಲಿತ್ತು. ಮೂತ್ರವನ್ನು ಟೆಸ್ಟ್ ಟ್ಯೂಬಿನಲ್ಲಿ ಕಾಯಿಸಿ, ಎರಡು ಹನಿ ಅಸಿಟಿಕ್ ಆಸಿಡ್ ಹಾಕಿ, ಮೋಡ ಕಟ್ಟುತ್ತದಾ ಅಂತ ಕಿಟಕಿಗೆ ಹಿಡಿದು ನೋಡುತ್ತಿದ್ದೆವು. ಸಕ್ಕರೆಗೆ ಬೆನೆಡಿಕ್ಟ್ ದ್ರಾವಣ. ನೀಲಿ ಉಳಿದರೆ ಇಲ್ಲ, ಹಸಿರು, ಹಳದಿ, ಕಡೆಗೆ ಇಟ್ಟಿಗೆ ಕೆಂಪು. ಜನ ಹಾರ್ಲಿಕ್ಸ್ ಬಾಟಲಿಯಲ್ಲಿ ತರುತ್ತಿದ್ದರು, ತೊಳೆಯದ ಬಾಟಲಿ. ಹಾರ್ಲಿಕ್ಸ್‌ಗೇ ಶುಗರ್ ಬಂದಿರುತ್ತಿತ್ತು. ಮೋಡ ಕಟ್ಟುವಷ್ಟು ಆಲ್ಬುಮಿನ್ ಬಂದಿದೆ ಅಂದರೆ ಆಗಲೇ ತಡವಾಗಿದೆ ಅಂತ ನಮಗೆ ಆಗ ತಿಳಿದಿರಲಿಲ್ಲ.

ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುವುದಿಲ್ಲ. ಕಿಡ್ನಿ ಕೆಟ್ಟ ಮೇಲೆ ಅದು ಹೊರಗೆ ಹೋಗದೆ ಮೈಯಲ್ಲಿ ಸೇರುತ್ತದೆ, ಅದಕ್ಕೆ ಡೋಸ್ ಇಳಿಸುತ್ತಾರೆ. ಜನಕ್ಕೆ ಇದು ಉಲ್ಟಾ ಕಾಣುತ್ತದೆ. ಕಿಡ್ನಿ ಹೋಗಿದ್ದಕ್ಕೆ ಗುಳಿಗೆ ನಿಲ್ಲಿಸಿದರು ಅಂದರೆ, ಗುಳಿಗೆಯಿಂದಲೇ ಹೋಯ್ತು ಅಂತ ಓಣಿಯಲ್ಲಿ ಸುದ್ದಿ.

ಕೊನೆಯದಾಗಿ, ನಿನ್ನ ವಯಸ್ಸೆಷ್ಟು? ನಿನ್ನ ಶುಗರ್ ನೋಡಿಸಿದ್ದೀಯಾ?

---

ಮೆಡಿಕಲ್ ಕೌಂಟರ್, ಗೋಕಾಕ

ಮೇಲಿನ ಸರ್ ಚೆನ್ನಾಗಿ ಹೇಳಿದ್ದಾರೆ. ನಾನು ಫಾರ್ಮಸಿಸ್ಟ್, ಕೌಂಟರಿನ ಈಚೆ ನಿಂತು ಕಾಣುವುದನ್ನು ಹೇಳುತ್ತೇನೆ.

ನಿಮ್ಮ ತಂದೆ ದಿನಾ ಮಗ್ಗದ ಮುಂದೆ ನಿಲ್ಲುವವರು. ಸೊಂಟ ನೋವು, ಮಂಡಿ ನೋವು ಇರಲೇಬೇಕು. ನೋವಿಗೆ ಏನು ತೆಗೆದುಕೊಳ್ಳುತ್ತಾರೆ ರೀ? ನೀವು ಅದನ್ನು ಬರೆದಿಲ್ಲ. ಯಾರೂ ಬರೆಯುವುದಿಲ್ಲ, ಅದನ್ನು ಔಷಧಿ ಅಂತಲೇ ಲೆಕ್ಕ ಹಿಡಿಯುವುದಿಲ್ಲ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್, ಇವೆಲ್ಲ ಕಿಡ್ನಿಗೆ ಹೋಗುವ ರಕ್ತದ ದಾರಿ ಕಿರಿದು ಮಾಡುತ್ತವೆ. ಶುಗರ್ ಕಿಡ್ನಿಗೆ ಇವು ವಿಷವೇ ಸರಿ. ನೋವು ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್, ಅದೂ ಎಷ್ಟು ಅಂತ ಡಾಕ್ಟರಿಗೆ ಕೇಳಿ.

ಮೆಟ್‌ಫಾರ್ಮಿನ್ ದಿನಕ್ಕೆ 2000 ಈಗ ಜಾಸ್ತಿ ಆಯ್ತು. ಇಜಿಎಫ್‌ಆರ್ 45ರ ಕೆಳಗೆ ಸಾಮಾನ್ಯವಾಗಿ ಅರ್ಧಕ್ಕೆ ಇಳಿಸುತ್ತಾರೆ, 30ರ ಕೆಳಗೆ ನಿಲ್ಲಿಸುತ್ತಾರೆ. ನೀವೇ ಇಳಿಸಬೇಡಿ, ಗ್ಲಿಮೆಪಿರೈಡ್ ಬಗ್ಗೆ ಫೋನ್ ಮಾಡುವಾಗ ಇದನ್ನೂ ಕೇಳಿ.

ಸರ್ ಹೇಳಿದ ಆ ಸಕ್ಕರೆ ಪಂಪು ಇದೆಯಲ್ಲ, ಅದನ್ನೇ ಮುಚ್ಚುವ ಗುಳಿಗೆ ಈಗ ಇದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ. ಪಂಪು ಮುಚ್ಚಿದರೆ ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ಉಪ್ಪು ಟೇಲ್‌ಎಂಡ್ ಮುಟ್ಟುತ್ತದೆ, ಗೇಟ್ ತಾನೇ ಇಳಿಯುತ್ತದೆ. 2020ರಲ್ಲಿ ಬಂದ ಡಾಪಾ-ಸಿಕೆಡಿ ಅಧ್ಯಯನದಲ್ಲಿ 4,304 ಕಿಡ್ನಿ ರೋಗಿಗಳಿದ್ದರು, ಶುಗರ್ ಇದ್ದವರೂ ಇಲ್ಲದವರೂ. ಲಾಭ ಎಷ್ಟು ಸ್ಪಷ್ಟವಾಗಿತ್ತು ಅಂದರೆ ಅಧ್ಯಯನವನ್ನೇ ಅವಧಿಗೆ ಮೊದಲೇ ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿಯಿತು, ಬೇರೆ ಬೇರೆ ಕಂಪನಿಗಳು ತಯಾರಿಸಲು ಶುರು ಮಾಡಿದವು, ದರ ಧಡಕ್ಕನೆ ಬಿತ್ತು. ಜನೌಷಧಿಯಲ್ಲೂ ಕೇಳಿ ನೋಡಿ. ಶುರು ಮಾಡಿದ ಮೊದಲ ವಾರಗಳಲ್ಲಿ ಇಜಿಎಫ್‌ಆರ್ ಸ್ವಲ್ಪ ಇಳಿಯುತ್ತದೆ. ಗಾಬರಿ ಬೇಡ, ಅದು ಗೇಟ್ ಇಳಿದ ಗುರುತು. ಮೂತ್ರದ ಜಾಗದಲ್ಲಿ ತುರಿಕೆ, ಫಂಗಸ್ ಆಗಬಹುದು, ಸ್ವಚ್ಛ ಇಟ್ಟುಕೊಳ್ಳಬೇಕು. ವಾಂತಿ ಭೇದಿ ಆದಾಗ, ಆಪರೇಷನ್ ಮುಂಚೆ, ಊಟ ಬಿಟ್ಟಾಗ ನಿಲ್ಲಿಸಬೇಕು. ಶಿವರಾತ್ರಿ, ಏಕಾದಶಿ, ರಮಜಾನ್ ಉಪವಾಸ ಮಾಡುವವರು ಮೊದಲೇ ಡಾಕ್ಟರಿಗೆ ಹೇಳಬೇಕು.

ಬಿಪಿಗೆ ಟೆಲ್ಮಿಸಾರ್ಟಾನ್ ತರಹದ್ದು ಕೊಡಬಹುದು. ಅದು ಆ ಗೊಂಚಲಿನಿಂದ ರಕ್ತ ಹೊರಹೋಗುವ ದಾರಿಯನ್ನು ಸಡಿಲ ಮಾಡುತ್ತದೆ, ಒತ್ತಡ ಅಲ್ಲಿಂದಲೂ ಇಳಿಯುತ್ತದೆ. ಆದರೆ ಅದು ಪೊಟ್ಯಾಸಿಯಂ ಏರಿಸಬಹುದು, ಆಗಲೇ 5.1 ಇರುವುದರಿಂದ ಶುರು ಮಾಡಿದ ಒಂದೆರಡು ವಾರದಲ್ಲಿ ರಕ್ತ ಮತ್ತೆ ನೋಡಿಸಲೇಬೇಕು. ಎಳನೀರು ಕಿಡ್ನಿಗೆ ತಂಪು ಅಂತ ಯಾರಾದರೂ ದಿನಾ ತಂದುಕೊಟ್ಟರೆ ನಯವಾಗಿ ಬೇಡ ಅನ್ನಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. "ಲೋ ಸೋಡಿಯಂ" ಉಪ್ಪಿನ ಪ್ಯಾಕೆಟ್ಟೂ ಬೇಡ, ಅದರಲ್ಲಿ ಇರುವುದೂ ಪೊಟ್ಯಾಸಿಯಂ. ಸೈಂಧವ ಉಪ್ಪು ಅಂದರೂ ಅದು ಉಪ್ಪೇ ರೀ.

ಹಸಿರೇ ಉಸಿರು ಅವರಿಗೆ: ನಿಮ್ಮ ಪರಿಚಯದವರ ಎರಡೂ ರಿಪೋರ್ಟ್ ಹಾಕಿ, ನೋಡೋಣ.

---

ನವನಗರದ ಅಕ್ಕ, ಬಾಗಲಕೋಟೆ

ಅಣ್ಣಾ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ.

ನಮ್ಮ ಯಜಮಾನರಿಗೂ ಹೀಗೇ ಆಗಿತ್ತು. ಶುಗರ್ 300 ಇದ್ದದ್ದು ಇಳಿಯುತ್ತಾ ಬಂದು, ಇನ್ಸುಲಿನ್ 40 ಯೂನಿಟ್‌ನಿಂದ 12ಕ್ಕೆ ಬಂತು. ನಾವು ಅಮೀನಗಡದಿಂದ ಕರದಂಟು ತರಿಸಿ ನಾಲ್ಕು ಮನೆಗೆ ಹಂಚಿದೆವು. ಶುಗರ್ ಹೋಯ್ತು ಅಂತ. ಎಂಟು ತಿಂಗಳಿಗೆ ಡಯಾಲಿಸಿಸ್ ಶುರುವಾಯಿತು. ಈಗ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆಗುತ್ತಿದೆ, ಅದೊಂದು ದೇವರ ದಯೆ. ಆದರೆ ಆ ದಿನಗಳು ಹೋದಂತೆಯೇ. ಬಂದು ಮಲಗಿದರೆ ಸಂಜೆಯವರೆಗೆ ಏಳುವುದಿಲ್ಲ.

ಇದನ್ನು ನಿಮಗೆ ಹೆದರಿಸಲು ಬರೆಯುತ್ತಿಲ್ಲ. ನಿಮ್ಮ ತಂದೆಗೆ ಇನ್ನೂ 35 ಇದೆ. ನಮಗೆ ಗೊತ್ತಾದಾಗ 11 ಇತ್ತು.

ಎರಡು ಮಾತು ಹೇಳುತ್ತೇನೆ, ನನಗೆ ಯಾರೂ ಹೇಳಿರಲಿಲ್ಲ. ಕಣ್ಣು ತೋರಿಸಿ, ಹನಿ ಹಾಕಿ ಒಳಗಿನ ಪರದೆ ನೋಡುವ ಪರೀಕ್ಷೆ. ಕಣ್ಣಿನ ಸಣ್ಣ ರಕ್ತನಾಳ, ಕಿಡ್ನಿಯ ಸಣ್ಣ ರಕ್ತನಾಳ ಎರಡಕ್ಕೂ ಒಂದೇ ಏಟು. ನಮಗೆ ಕಿಡ್ನಿ ಬಗ್ಗೆ ಮೊದಲು ಅನುಮಾನ ಪಟ್ಟವರು ಕಣ್ಣಿನ ಡಾಕ್ಟರೇ. ಇನ್ನೊಂದು, ಎಡಗೈಯ ರಕ್ತನಾಳ ಉಳಿಸಿಕೊಳ್ಳಿ. ಅವರು ಬಲಗೈ ಬಳಸುವವರಾದರೆ ರಕ್ತ ತೆಗೆಯುವುದು, ಸಲೈನ್ ಹಚ್ಚುವುದು ಆದಷ್ಟು ಬಲ ಅಂಗೈಯ ಹಿಂಭಾಗದಲ್ಲೇ ಮಾಡಿಸಿ. ಮುಂದೆ ಡಯಾಲಿಸಿಸ್ ಬೇಕಾದರೆ ಅದಕ್ಕೆ ರಕ್ತನಾಳ ಜೋಡಿಸುವ ಫಿಸ್ಟುಲಾ ಮಾಡುವುದು ಎಡಗೈಯಲ್ಲಿ. ನಮ್ಮವರ ಎಡಗೈ ರಕ್ತನಾಳವೆಲ್ಲ ಸೂಜಿ ಚುಚ್ಚಿ ಹಾಳಾಗಿತ್ತು, ಫಿಸ್ಟುಲಾ ಎರಡು ಸಲ ಕೈಕೊಟ್ಟಿತು. ಬೇಕಾಗದೇ ಇರಲಿ, ಆದರೂ ಉಳಿಸಿಡಿ.

ಊಟದ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ. ರೊಟ್ಟಿ ಬಿಡಬೇಕಿಲ್ಲ. ಉಪ್ಪು ದಿನಕ್ಕೆ ಒಂದು ಸಣ್ಣ ಚಮಚ, 5 ಗ್ರಾಂ ಒಳಗೆ, ಇಡೀ ದಿನಕ್ಕೆ. ನಮ್ಮ ಕಡೆ ಉಪ್ಪು ಇರುವುದು ಪಲ್ಯದಲ್ಲಿ ಅಲ್ಲ, ಪಕ್ಕದಲ್ಲಿ. ಕೆಂಪು ಖಾರ, ಶೇಂಗಾ ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ತಟ್ಟೆಯ ಆ ಮೂಲೆ ಖಾಲಿ ಮಾಡಿ ನೋಡಿ, ಕಾಲಿನ ಬಾವು ಎಷ್ಟು ಇಳಿಯುತ್ತದೆ ಅಂತ. ನಮ್ಮವರು ಖಾರ ಇಲ್ಲದ ರೊಟ್ಟಿ ಹೇಗೆ ಇಳಿಯುತ್ತೆ ಅಂತ ತಟ್ಟೆ ತಳ್ಳಿದ್ದರು. ಈಗ ನಿಂಬೆಹಣ್ಣು, ಹಸಿ ಬೆಳ್ಳುಳ್ಳಿ ಜಜ್ಜಿ ಕೊಡುತ್ತೇನೆ.

---

ಮಗ್ಗದಮನಿ ಹುಡುಗ, ಬನಹಟ್ಟಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಅವತ್ತೇ ಫೋನ್ ಮಾಡಿದೆ. ಗ್ಲಿಮೆಪಿರೈಡ್ ನಿಲ್ಲಿಸಲು ಹೇಳಿದರು, ಮೆಟ್‌ಫಾರ್ಮಿನ್ 500 ಎರಡು ಹೊತ್ತು. ಅಂದಿನಿಂದ ರಾತ್ರಿ ಬೆವರಿಲ್ಲ.

ಗೋಕಾಕದವರೇ, ನೀವು ಕೇಳಿದ್ದಕ್ಕೆ ಅಪ್ಪನ ಅಂಗಿ ಕಿಸೆ ನೋಡಿದೆ. ಡೈಕ್ಲೊಫೆನಾಕ್ ಪಟ್ಟಿ, ಆರು ಖಾಲಿ. ಕೇಳಿದರೆ "ಅದು ಗುಳಿಗಿ ಅಲ್ಲೋ, ನೋವಿಂದು" ಅಂದರು. ಎಷ್ಟು ವರ್ಷದಿಂದ? ಐದಾರು. ದಿನಾ ಒಂದು, ಆರ್ಡರ್ ಜಾಸ್ತಿ ಇದ್ದಾಗ ಎರಡು. ನನಗೆ ಮಾತೇ ಹೊರಡಲಿಲ್ಲ.

ಕಾಕಾ, ಒಂದು ಮಾತು ಕೇಳಬೇಕು. ಪೊರೆ ದಪ್ಪ ಆದರೆ ಸೋರುವುದು ಕಡಿಮೆ ಆಗಬೇಕಲ್ವಾ? ದಪ್ಪ ಬಟ್ಟೆಯಲ್ಲಿ ನೀರು ನಿಲ್ಲುತ್ತದೆ. ಎರಡು ದಿನ ಇದನ್ನೇ ಯೋಚಿಸಿದೆ. ಆಮೇಲೆ ಮಗ್ಗದಲ್ಲಿ ಹಾಸಿನ ಎಳೆ ಕಡಿದಾಗ ಹೊಳೆಯಿತು. ಕಡಿದ ಎಳೆಗೆ ಗಂಟು ಹಾಕುತ್ತೇವೆ. ಮತ್ತೆ ಕಡಿಯುತ್ತದೆ, ಮತ್ತೆ ಗಂಟು. ಆ ಜಾಗದಲ್ಲಿ ಬಟ್ಟೆ ಕೈಗೆ ದಪ್ಪ ಹತ್ತುತ್ತದೆ, ಬೆಳಕಿಗೆ ಹಿಡಿದರೆ ಗಂಟಿನ ಪಕ್ಕದಲ್ಲೇ ತೂತು. ಹೀಗೇನಾ?

ನನಗೆ 33. ಶುಗರ್ ಯಾವತ್ತೂ ನೋಡಿಸಿಲ್ಲ.

---

ರಿಟೈರ್ಡ್ ಲ್ಯಾಬಿನವ, ವಿಜಯಪುರ

ಹೀಗೇ. 34 ವರ್ಷದಲ್ಲಿ ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ. ದಪ್ಪ ಆಗಿದೆ, ಆದರೆ ನೇಯ್ಗೆ ಕೆಟ್ಟಿದೆ.

ಇನ್ನು ನಿನ್ನದು. ಈ ವಾರ ನೋಡಿಸು. ಬ್ರಿಟನ್ನಿನಲ್ಲಿ ಯುಕೆಪಿಡಿಎಸ್ ಅಂತ ಒಂದು ದೊಡ್ಡ ಅಧ್ಯಯನ ಮಾಡಿದರು, ಹೊಸದಾಗಿ ಶುಗರ್ ಬಂದವರ ಮೇಲೆ, 1998ರಲ್ಲಿ ಫಲಿತಾಂಶ ಬಂತು. ಶುಗರ್ ಬಿಗಿಯಾಗಿ ಹಿಡಿದವರಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳದ ತೊಂದರೆ ಕಾಲು ಭಾಗದಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಮುಖ್ಯ, ಹತ್ತು ವರ್ಷ ಬಿಟ್ಟು ಅದೇ ಜನರನ್ನು ನೋಡಿದಾಗ, ಎರಡೂ ಗುಂಪಿನ ಶುಗರ್ ಒಂದೇ ಆಗಿದ್ದರೂ ಮೊದಲು ಹಿಡಿದವರ ಲಾಭ ಉಳಿದೇ ಇತ್ತು. ಮೊದಲ ವರ್ಷಗಳ ಲೆಕ್ಕವನ್ನು ಮೈ ಮರೆಯುವುದಿಲ್ಲ. ಅಪ್ಪನ 190, 210ಗಳ ಲೆಕ್ಕವೇ ಈಗ ಬರುತ್ತಿರುವುದು. ಶುಗರ್ ಈಗ ಇಳಿದಿದೆಯಲ್ಲ, ಕಿಡ್ನಿ ಈಗ ಯಾಕೆ ಅಂದೆಯಲ್ಲ, ಅದಕ್ಕೆ ಉತ್ತರ ಇದು.

---

ಮಗ್ಗದಮನಿ ಹುಡುಗ, ಬನಹಟ್ಟಿ

ಬೆಳಗಾವಿಗೆ ಹೋಗಿ ಬಂದೆವು. ಬೆಳಗ್ಗೆ ಐದೂವರೆ ಬಸ್ಸು, ವಾಪಸ್ ಬರುವಾಗ ರಾತ್ರಿ ಹತ್ತು.

ಕಿಡ್ನಿ ಡಾಕ್ಟರ್ ಹೆಂಗಸು, ನಿಧಾನವಾಗಿ ಮಾತಾಡಿದರು. ಸ್ಕ್ಯಾನ್ ಮಾಡಿ ಅಡ್ಡಿ ಏನೂ ಇಲ್ಲ, ಕಲ್ಲಿಲ್ಲ ಅಂದರು. ಟೆಲ್ಮಿಸಾರ್ಟಾನ್ 40 ಮತ್ತು ಡಾಪಾಗ್ಲಿಫ್ಲೋಜಿನ್ 10 ಶುರು ಮಾಡಿದ್ದಾರೆ, ಶುಗರ್‌ಗೆ ಮೆಟ್‌ಫಾರ್ಮಿನ್ ಜೊತೆ ಲಿನಾಗ್ಲಿಪ್ಟಿನ್. ಅದಕ್ಕೆ ಕಿಡ್ನಿ ನೋಡಿ ಡೋಸ್ ಬದಲಿಸುವುದು ಬೇಕಿಲ್ಲವಂತೆ. ಎರಡು ವಾರಕ್ಕೆ ಪೊಟ್ಯಾಸಿಯಂ, ಕ್ರಿಯೇಟಿನಿನ್ ಮತ್ತೆ. ಕಣ್ಣಲ್ಲಿ ಸಣ್ಣ ಸಣ್ಣ ರಕ್ತದ ಚುಕ್ಕೆ ಇವೆ, ಅಕ್ಕ ಹೇಳಿದ್ದು ಸರಿ. ಸದ್ಯ ಲೇಸರ್ ಬೇಡ, ನಾಲ್ಕು ತಿಂಗಳಿಗೆ ಬನ್ನಿ ಅಂದರು.

ಹೋದದ್ದು ವಾಪಸ್ ಬರುತ್ತಾ ಅಂತ ಅಪ್ಪನೇ ಕೇಳಿದರು. ಇಲ್ಲ, ಇದ್ದದ್ದನ್ನು ಆದಷ್ಟು ನಿಧಾನ ಖರ್ಚು ಮಾಡೋಣ ಅಂದರು ಡಾಕ್ಟರ್. ಅಪ್ಪ ತಲೆ ಆಡಿಸಿದರು. ನೂಲಿನ ದರ ಏರಿದಾಗ ಮಾಡುವ ಹಾಗೆ ಅಂತ ಬಸ್ಸಿನಲ್ಲಿ ನನಗೆ ಹೇಳಿದರು.

ನನ್ನ ಎಚ್‌ಬಿಎ1ಸಿ 6.1 ಬಂದಿದೆ, ಕಾಕಾ. 5.7 ದಾಟಿದರೆ ಹೊಸ್ತಿಲ ಮೇಲೆ ನಿಂತಂತೆ ಅಂತ ಲ್ಯಾಬಿನವರು ಹೇಳಿದರು. ಮೂತ್ರದ ಎಸಿಆರ್ 9. ಈಗ ಸಂಜೆ ಮಗ್ಗ ನಿಲ್ಲಿಸಿದ ಮೇಲೆ ಕೆರೆಯವರೆಗೆ ನಡೆದು ಬರುತ್ತೇನೆ. ಅಪ್ಪನೂ ಅರ್ಧ ದಾರಿ ಬರುತ್ತಾರೆ, ಅಲ್ಲಿ ಕಟ್ಟೆ ಮೇಲೆ ಕೂತು ಕಾಯುತ್ತಾರೆ.

ಪುಡಿಯ ಡಬ್ಬಿ ಇನ್ನೂ ಮಗ್ಗದ ಮೇಲೇ ಇದೆ. ಅವ್ವ ಅದರಲ್ಲಿ ಸೂಜಿ, ಗುಂಡಿ ಹಾಕಿಟ್ಟಿದ್ದಾಳೆ.

---

ರಿಟೈರ್ಡ್ ಲ್ಯಾಬಿನವ, ವಿಜಯಪುರ

ಪೊಟ್ಯಾಸಿಯಂಗೆ ರಕ್ತ ತೆಗೆಯುವಾಗ ಮುಷ್ಟಿ ಗಟ್ಟಿ ಬಿಗಿದು ಬಿಡಿಸುವುದು ಮಾಡಿಸಬೇಡ, ಸುಳ್ಳೇ ಜಾಸ್ತಿ ತೋರಿಸುತ್ತದೆ. ರಿಪೋರ್ಟ್ ಬಂದ ಮೇಲೆ ಇಲ್ಲಿ ಹಾಕು.